ಗೆರೆಯಾಚೆಯ ಮೇಜು

ಹಾಕಿ ಪಂದ್ಯ ನೋಡಲು ಹೋದವರು ಸಾಮಾನ್ಯವಾಗಿ ಗಮನಿಸದ ಒಂದು ಮೇಜು ಇದೆ. ಮೈದಾನದ ಮಧ್ಯಗೆರೆಯ ನೇರಕ್ಕೆ, ಹೊರಗಡೆ, ಎರಡೂ ತಂಡಗಳ ಬೆಂಚುಗಳ ನಡುವೆ ಅದನ್ನು ಹಾಕಿರುತ್ತಾರೆ. ಅಲ್ಲಿ ಕುಳಿತವರು ಗೋಲು ಹೊಡೆಯುವುದಿಲ್ಲ, ಸೀಟಿಯನ್ನೂ ಊದುವುದಿಲ್ಲ. ಗಡಿಯಾರ ನೋಡುತ್ತಾರೆ, ಆಟಗಾರರ ಕೋಲು ಅಳೆಯುತ್ತಾರೆ, ಹಳದಿ ಕಾರ್ಡು ಕಂಡವರನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಅವರ ಬೈಗುಳ ಕೇಳುತ್ತಾರೆ. ಆ ಮೇಜಿನ ಹಿಂದೆ ನನ್ನ ಬದುಕಿನ ಅರ್ಧ ಕಳೆಯಿತು. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಬನಾರಸಿಗೆ ಬಂದಾಗ ನನ್ನನ್ನು ಹುಡುಕಿಕೊಂಡು ಶಿವಾಲ ಬಡಾವಣೆಯ ಮನೆಗೆ ಬರುತ್ತಾರೆ. ನಿಯಮ ಪುಸ್ತಕ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರು ಕೇಳುವುದು, "ಅಲ್ಲಿ ನಿಜಕ್ಕೂ ಹೇಗಿರುತ್ತದೆ?" ಎಂದು. ಅದಕ್ಕೆ ಇಷ್ಟು ಬರೆಯುತ್ತಿದ್ದೇನೆ.

ನಮ್ಮದು ಪುರೋಹಿತರ ಮನೆ. ಅಜ್ಜನ ಕಾಲಕ್ಕೆ ಧಾರವಾಡದ ಕಡೆಯಿಂದ ಬಂದು ಕೇದಾರಘಾಟಿನ ಹತ್ತಿರ ನೆಲೆ ನಿಂತವರು. ದಕ್ಷಿಣದ ಯಾತ್ರಿಕರಿಗೆ ಪಿಂಡಪ್ರದಾನ, ಸಂಕಲ್ಪ ಮಾಡಿಸುವುದು ಅಪ್ಪನ ವೃತ್ತಿ. ನಾನು ಹಾಕಿ ಕಲಿತದ್ದು ಶಾಲೆಯ ಮಣ್ಣಿನ ಮೈದಾನದಲ್ಲಿ. ರಾಜ್ಯ ತಂಡದ ಹೊಸ್ತಿಲು ಮುಟ್ಟುವಷ್ಟರಲ್ಲಿ ಮೊಣಕಾಲು ಕೈಕೊಟ್ಟಿತು. ಹೊಟ್ಟೆಪಾಡಿಗೆ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿಯಾದೆ. ಆಟ ಬಿಡಲು ಮನಸ್ಸಾಗದೆ ಮೇಜಿನ ಕೆಲಸಕ್ಕೆ ಸೇರಿದೆ.

ಮಗಳು ವರ್ಷಕ್ಕೆರಡು ಸಲ ವಿಮಾನ ಹತ್ತುವುದು ಯಾಕೆಂದು ಯಾತ್ರಿಕರು ಅಪ್ಪನನ್ನು ಕೇಳುತ್ತಿದ್ದರು. ಅಂತರರಾಷ್ಟ್ರೀಯ ತಾಂತ್ರಿಕ ಅಧಿಕಾರಿ ಎಂದು ಹೇಳಲು ಅಪ್ಪನಿಗೆ ನಾಲಿಗೆ ಹೊರಳುತ್ತಿರಲಿಲ್ಲ.

"ಕೋಲು ಹಿಡಕೊಂಡು ಜಗಳ ಆಡೋರು ಇರ್ತಾರಲ್ರಿ, ಅವರ ನಡುವ ಕೂತು ಜಗಳ ಬಿಡಸ್ತಾಳ," ಎನ್ನುತ್ತಿದ್ದರು. "ಇದಕ್ಕ ಪಗಾರ ಇಲ್ಲ. ಆದ್ರ ಊಟ ಹಾಕ್ತಾರಂತ."

ಇದಕ್ಕಿಂತ ಸರಿಯಾಗಿ ನನ್ನ ಕೆಲಸವನ್ನು ಇವತ್ತಿಗೂ ಯಾರೂ ವಿವರಿಸಿಲ್ಲ.

ನನ್ನ ಮೊದಲ ವಿದೇಶಿ ಟೂರ್ನಿಯಲ್ಲಿ ಮೇಲಧಿಕಾರಿಯಾಗಿದ್ದವರು ಆಗ್ನೆಸ್. ಎತ್ತರದ ಹೆಂಗಸು, ಬಿಳಿಗೂದಲು, ಸದಾ ಒಂದೇ ನೀಲಿ ಕೋಟು. ಟೂರ್ನಿಯ ಎಲ್ಲ ವ್ಯವಸ್ಥೆಗೂ ಕೊನೆಯ ಮಾತು ಅವರದು. ಆ ಹುದ್ದೆಯನ್ನು ತಾಂತ್ರಿಕ ಪ್ರತಿನಿಧಿ ಎನ್ನುತ್ತಾರೆ. ನನಗೆ ಕೊಟ್ಟ ಕೆಲಸ ಕೋಲು ಪರೀಕ್ಷೆ: ಪ್ರತಿ ಕೋಲನ್ನೂ ಲೋಹದ ಬಳೆಯೊಂದರಲ್ಲಿ ತೂರಿಸಬೇಕು, ತೂರದಿದ್ದರೆ ಅದು ಆಟಕ್ಕಿಲ್ಲ. ಆತಿಥೇಯ ತಂಡದ ನಾಯಕಿಯ ಕೋಲು ತೂರಲಿಲ್ಲ. ಆಕೆ ಅಲ್ಲಿ ಸಿನಿಮಾ ತಾರೆಯಷ್ಟು ಪ್ರಸಿದ್ಧಳು. ನಾನು ಬೆವರಿದೆ. ಇನ್ನೊಮ್ಮೆ ತೂರಿಸಿದೆ, ತಿರುಗಿಸಿ ತೂರಿಸಿದೆ, ಸ್ವಲ್ಪ ಬಲ ಹಾಕಿದೆ. ಬಳೆ ಕೋಲಿಗೆ ಸಿಕ್ಕಿಕೊಂಡಿತು. ಈಗ ಕೋಲೂ ಹೋಗದು, ಬಳೆಯೂ ಬಾರದು. ಕ್ಯಾಮೆರಾದವರು ಓಡಿಬಂದರು.

ಆಗ್ನೆಸ್ ನಿಧಾನಕ್ಕೆ ಬಂದು ನೋಡಿದರು. "ಸುಮಂಗಲಾ, ಅದು ಮದುವೆಯ ಉಂಗುರವಲ್ಲ. ಬಾರದಿದ್ದರೆ ಬಲವಂತ ಬೇಡ," ಎಂದರು. ನಾಯಕಿಯೇ ಮೊದಲು ನಕ್ಕಳು. ಬೇರೆ ಕೋಲು ತೆಗೆದುಕೊಂಡು ಹೋಗಿ ಆಡಿದಳು. ಸೋಪಿನ ನೀರು ಹಾಕಿ ಬಳೆ ಬಿಡಿಸುವಷ್ಟರಲ್ಲಿ ಅರ್ಧ ಪಂದ್ಯ ಮುಗಿದಿತ್ತು.

ನಾನು ಸೇರಿದಾಗ ಆಫ್‌ಸೈಡ್ ಎಂಬ ನಿಯಮವಿತ್ತು, ಅದು ಹೋಯಿತು. ಫ್ರೀ ಹಿಟ್ ಸಿಕ್ಕಾಗ ಚೆಂಡನ್ನು ತನಗೆ ತಾನೇ ತಳ್ಳಿಕೊಂಡು ಆಟ ಮುಂದುವರಿಸಬಾರದಿತ್ತು; ಆಮೇಲೆ ತಳ್ಳಿಕೊಳ್ಳಬಹುದಾಯಿತು. ಎರಡು ಅವಧಿಯ ಆಟ ನಾಲ್ಕಕ್ಕೆ ಒಡೆಯಿತು. ಅಂಪೈರರ ತೀರ್ಪನ್ನು ಪ್ರಶ್ನಿಸಿ ವಿಡಿಯೊ ನೋಡಿ ಎನ್ನುವ ಹಕ್ಕು ತಂಡಗಳಿಗೆ ಬಂತು. ಪ್ರತಿ ಬದಲಾವಣೆಗೂ ಹಳಬರು ಆಟವೇ ಸತ್ತುಹೋಯಿತು ಎಂದು ಅತ್ತರು. ಮರುದಿನ ಆಟ ಎಂದಿನಂತೆ ನಡೆಯಿತು.

ಈ ಬದಲಾವಣೆಗಳೆಲ್ಲ ಹುಟ್ಟುವ ಕೋಣೆಗಳಲ್ಲೂ ನಾನು ಕುಳಿತಿದ್ದೇನೆ. ವಿಶ್ವಮಟ್ಟದ ಆಡಳಿತ ಸಂಸ್ಥೆಯನ್ನು ನಾವೆಲ್ಲ ಸುಮ್ಮನೆ ಮಂಡಳಿ ಎನ್ನುತ್ತಿದ್ದೆವು. ಅದರ ಮಹಾಸಭೆಯಲ್ಲಿ ದೇಶಕ್ಕೊಂದು ಮತ. ಒಂದೂ ಕೃತಕ ಹುಲ್ಲಿನ ಮೈದಾನವಿಲ್ಲದ ದೇಶದ ಪ್ರತಿನಿಧಿ, ಊರಿಗೊಂದು ಮೈದಾನವಿರುವ ದೇಶದ ಪ್ರತಿನಿಧಿಯ ಪಕ್ಕ ಕುಳಿತು, ಆ ಹುಲ್ಲಿಗೆ ನೀರು ಹಾಕಬೇಕೇ ಬೇಡವೇ ಎಂದು ಕೈ ಎತ್ತುತ್ತಾನೆ. ನೋಡಲು ತಮಾಷೆ. ಆದರೆ ಸಣ್ಣ ದೇಶದವರ ಕೈ ಕೆಳಗಿಳಿಯುವ ತನಕ ದೊಡ್ಡ ದೇಶದವರು ಉಸಿರು ಬಿಗಿಹಿಡಿದು ಎಣಿಸುವುದನ್ನು ಕಂಡ ಮೇಲೆ ಆ ವ್ಯವಸ್ಥೆಯ ಮೇಲೆ ನನಗೆ ಪ್ರೀತಿ ಹುಟ್ಟಿತು.

ಹೆಣ್ಣುಮಕ್ಕಳು ಲಂಗವನ್ನೇ ಹಾಕಬೇಕೋ, ಚಡ್ಡಿಯನ್ನೂ ಹಾಕಬಹುದೋ ಎಂದು ಒಂದು ಸಮಿತಿಯಲ್ಲಿ ಇಡೀ ಬೆಳಗು ಚರ್ಚೆ ನಡೆಯಿತು. ಒಂದೇ ತಂಡದಲ್ಲಿ ಎರಡು ಬಗೆಯ ಉಡುಪಿದ್ದರೆ ಶಿಸ್ತು ಕೆಡುತ್ತದೆ ಎಂದು ವಯಸ್ಸಾದ ಸದಸ್ಯರೊಬ್ಬರು ಉದ್ದಕ್ಕೆ ಮಾತಾಡಿದರು. ಆಗ್ನೆಸ್ ಸುಮ್ಮನೆ ಕಾಫಿ ಕಲಕುತ್ತಿದ್ದರು.

"ನಾನು ಲಂಗ ಹಾಕಿ ಆಡಿದೆ. ನನ್ನ ಮಗಳು ಚಡ್ಡಿ ಹಾಕಿ ಆಡಿದಳು," ಎಂದರು ಕೊನೆಗೆ. "ಇಬ್ಬರೂ ಪೆನಾಲ್ಟಿ ಸ್ಟ್ರೋಕನ್ನು ಗೋಲಿನ ಹೊರಗೇ ಹೊಡೆದೆವು. ಉಡುಪಿನಿಂದ ನಮಗೆ ಏನೂ ಸಹಾಯವಾಗಲಿಲ್ಲ. ಊಟಕ್ಕೆ ಹೋಗೋಣವೇ?"

ಯಾರಿಗೆ ಯಾವುದು ಅನುಕೂಲವೋ ಅದನ್ನು ಹಾಕಲಿ ಎಂದು ಊಟಕ್ಕೆ ಮುಂಚೆಯೇ ಒಪ್ಪಿಗೆಯಾಯಿತು.

ಇಂಥವು ಹೇಳುತ್ತ ಹೋದರೆ ಮುಗಿಯುವುದಿಲ್ಲ. ನಾನು ವಿವರವಾಗಿ ಹೇಳಬೇಕಾದದ್ದು ನನ್ನ ಊರಿನಲ್ಲೇ ನಡೆದ ಒಂದು ಟೂರ್ನಿಯ ಕಥೆ.

ಬನಾರಸಿಗೆ ಹೊಸ ನೀಲಿ ಮೈದಾನ ಬಂದಿತ್ತು. ಮಹಿಳೆಯರ ಅರ್ಹತಾ ಟೂರ್ನಿಯೊಂದನ್ನು ಮಂಡಳಿ ಇಲ್ಲಿಗೆ ಕೊಟ್ಟಿತು. ಗೆದ್ದ ತಂಡಕ್ಕೆ ವಿಶ್ವಕೂಟದ ಬಾಗಿಲು ತೆರೆಯುತ್ತದೆ. ಭಾರತ ತಂಡ ಇದರಲ್ಲಿ ಇರಲಿಲ್ಲವಾದ್ದರಿಂದ ನನ್ನನ್ನೇ ತಾಂತ್ರಿಕ ಪ್ರತಿನಿಧಿಯಾಗಿ ಹಾಕಿದರು. ಅಷ್ಟರಲ್ಲಿ ನಿವೃತ್ತರಾಗಿದ್ದ ಆಗ್ನೆಸ್ ಮೇಲ್ಮನವಿ ಕೇಳುವ ತೀರ್ಪುಗಾರ್ತಿಯಾಗಿ ಬಂದರು. ಮೇಜಿಗೆ ನಾನೇ ತಯಾರು ಮಾಡಿದ ಕವಿತಾ ಇದ್ದಳು. ಜಂಗಮವಾಡಿಯ ಮಠದ ಸಿಬ್ಬಂದಿಯ ಮಗಳು, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಗಾಬರಿಯಾದಾಗ ಎರಡೂ.

ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪದ ತಂಡ ಬಂದಿಳಿಯಿತು. ಅವರ ಸಾಮಾನು ಇಳಿಯಲಿಲ್ಲ. ಯಾವ ವಿಮಾನ ನಿಲ್ದಾಣದಲ್ಲಿ ಉಳಿಯಿತೋ ಯಾರಿಗೂ ಗೊತ್ತಿಲ್ಲ. ಕೋಲುಗಳನ್ನು ಬೇರೆ ತಂಡಗಳು ಕೊಟ್ಟವು. ಅಂಗಿ? ಮರುದಿನ ಮೊದಲ ಪಂದ್ಯ, ಎದುರಾಳಿಗಳದು ಬಿಳಿ. ಅಂಗಡಿಯಲ್ಲಿ ಒಂದೇ ಅಳತೆಗೆ ಸಾಕಷ್ಟು ಸಿಕ್ಕಿದ್ದೂ ಬಿಳಿ ಹತ್ತಿಯ ಅಂಗಿಗಳೇ. ನಾನೂ ಕವಿತಾಳೂ ಅವನ್ನು ಹೊತ್ತುಕೊಂಡು ಮದನಪುರದ ಗಲ್ಲಿಯಲ್ಲಿ ಸೀರೆಗಳಿಗೆ ಬಣ್ಣ ಹಾಕುವ ಇಷ್ತಿಯಾಕ್ ಭಾಯಿಯ ಬಳಿ ಹೋದೆವು. ಒಲೆಯ ಮೇಲೆ ಹಳದಿ ಬಣ್ಣದ ಹಂಡೆ ಕುದಿಯುತ್ತಿತ್ತು.

"ರಂಗ್ ತೋ ಚಢ್ ಜಾಯೀ, ಬಹಿನ್‌ಜೀ," ಎಂದ ಆತ. "ಬಾಕೀ ಪಾನೀ ಸೇ ಬಚಾಯೇ ರಹನಾ. ಕಚ್ಚಾ ಹೈ."

ಬಣ್ಣ ಹಿಡಿಯುತ್ತದೆ, ಆದರೆ ನೀರಿನಿಂದ ದೂರವಿಡಿ ಎಂದು ಅವನ ಮಾತು. ನಾವು ಸಂತೋಷದಿಂದ ತಲೆಯಾಡಿಸಿ ಬಂದೆವು. ಪಂದ್ಯಕ್ಕೆ ಮುಂಚೆ ಆ ಮೈದಾನಕ್ಕೆ ಫಿರಂಗಿಯಂಥ ಕೊಳವೆಗಳಿಂದ ನೀರು ಹಾಯಿಸುತ್ತಾರೆ ಎಂಬುದು ಅಷ್ಟು ವರ್ಷಗಳ ಅನುಭವವಿದ್ದ ನನಗೆ ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ.

ಆಟ ಶುರುವಾಯಿತು. ದ್ವೀಪದ ಹುಡುಗಿಯರು ಜಾರಿ ಬಿದ್ದಲ್ಲೆಲ್ಲ ನೀಲಿ ಮೈದಾನದ ಬಿಳಿ ಗೆರೆಗಳ ಮೇಲೆ ಹಳದಿ ಕೋಡಿ ಹರಿಯಿತು. ಕಾಲುಗಳು ಹಳದಿಯಾದವು. ಚೆಂಡು ಹಳದಿಯಾಯಿತು. ಎದುರಾಳಿಗಳು ಮೈಗೆ ಮೈ ತಾಗಿಸಿ ಚೆಂಡು ಕಸಿಯುತ್ತ ತಾವೂ ಹಳದಿಯಾಗತೊಡಗಿದರು. ಮೊದಲರ್ಧ ಮುಗಿಯುವಷ್ಟರಲ್ಲಿ ಎರಡೂ ತಂಡಗಳು ಒಂದೇ ಬಣ್ಣಕ್ಕೆ ಬಂದಿದ್ದವು. ಅಂಪೈರ್ ನನ್ನ ಬಳಿ ಬಂದು, "ಮೇಡಂ, ನಾನು ಯಾರಿಗೆ ಫೌಲು ಕೊಡಲಿ?" ಎಂದು ಕೇಳಿದ. ಎದುರಾಳಿಗಳಿಗೆ ಕೆಂಪು ಅಂಗಿ ಹಾಕಿಸಿದೆ. ಮೇಲೆ ನೋಡಿದರೆ ಗ್ಯಾಲರಿಯಲ್ಲಿ ಆಗ್ನೆಸ್ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಷ್ಟು ನಕ್ಕಿದ್ದರು.

ಬನಾರಸಿನ ಜನಕ್ಕೆ ಇಷ್ಟು ಸಾಕಾಯಿತು. ಮದುವೆಮನೆಯಲ್ಲಿ ಅರಿಶಿನ ಹಚ್ಚಿಕೊಂಡಂತೆ ಕಾಣುತ್ತಿದ್ದ ಆ ಹುಡುಗಿಯರನ್ನು ಊರು ದತ್ತು ತೆಗೆದುಕೊಂಡಿತು. ಸಾಮಾನು ಬಂದು ಅವರು ತಮ್ಮದೇ ಹಸಿರು ಅಂಗಿ ತೊಟ್ಟ ಮೇಲೂ ಗ್ಯಾಲರಿಯಲ್ಲಿ "ಹಲ್ದೀವಾಲೀ, ಹಲ್ದೀವಾಲೀ" ಎಂಬ ಕೂಗು ನಿಲ್ಲಲಿಲ್ಲ. ಅವರ ನಾಯಕಿ ಲೆಯಾ, ಊರಿನಲ್ಲಿ ಮೀನುಗಾರರ ದೋಣಿ ದುರಸ್ತಿ ಮಾಡುವ ಗಟ್ಟಿ ಹೆಂಗಸು, ಕೂಗು ಕೇಳಿದಾಗಲೆಲ್ಲ ಕೋಲೆತ್ತಿ ಸಲಾಮು ಹೊಡೆಯುತ್ತಿದ್ದಳು. ಯಾರೂ ಎಣಿಸದ ರೀತಿಯಲ್ಲಿ ಆ ತಂಡ ಗೆಲ್ಲುತ್ತ ಗೆಲ್ಲುತ್ತ ಫೈನಲ್ ತಲುಪಿತು.

ಎದುರಿಗೆ ಯುರೋಪಿನ ಬಲಾಢ್ಯ ತಂಡ. ಕೊನೆಯ ಅವಧಿಯಲ್ಲಿ ಗೋಲು ಸಮಸಮ, ಒಂದಕ್ಕೊಂದು. ಯುರೋಪಿನವರ ಮುಂಚೂಣಿ ಆಟಗಾರ್ತಿ ಕ್ಲಾರಾ ಒರಟಾಗಿ ಅಡ್ಡ ಬಂದು ಹಳದಿ ಕಾರ್ಡು ಪಡೆದಳು. ಕಾರ್ಡು ಕಂಡವರು ಗೊತ್ತಾದ ಕೆಲವು ನಿಮಿಷ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂರಬೇಕು, ಅಷ್ಟು ಹೊತ್ತು ಅವರ ತಂಡ ಒಬ್ಬರನ್ನು ಕಡಿಮೆ ಇಟ್ಟುಕೊಂಡು ಆಡಬೇಕು. ಆ ನಿಮಿಷಗಳನ್ನು ಎಣಿಸಿ ಒಳಗೆ ಬಿಡುವುದು ಮೇಜಿನ ಕೆಲಸ. ಆಗ ಅದಕ್ಕೆ ಕೈಯಲ್ಲಿ ಹಿಡಿಯುವ ಸ್ಟಾಪ್‌ವಾಚೇ ಗತಿ. ಕವಿತಾ ಅದನ್ನು ಹಿಡಿದಿದ್ದಳು. ನಡುವೆ ದ್ವೀಪದವರು ವಿಡಿಯೊ ಮನವಿ ಕೇಳಿದರು. ಪಂದ್ಯದ ಗಡಿಯಾರ ನಿಂತಿತು. ವಿಡಿಯೊ ನೋಡುವುದು ಎಳೆಯಿತು, ಗ್ಯಾಲರಿ ಕಿರುಚುತ್ತಿತ್ತು, ಎರಡೂ ಕಡೆಯ ತರಬೇತುದಾರರು ಮೇಜಿನ ಮೇಲೆ ಬಾಗಿ ಕೂಗಾಡುತ್ತಿದ್ದರು. ಮನವಿ ಬಿದ್ದುಹೋಯಿತು. ಆಟ ಮತ್ತೆ ಶುರುವಾದ ಸ್ವಲ್ಪ ಹೊತ್ತಿಗೆ ಕ್ಲಾರಾ ಒಳಗೆ ಓಡಿದಳು. ಓಡಿದವಳೇ ಬಂದ ಚೆಂಡನ್ನು ಗೋಲಿಗೆ ಬಾರಿಸಿದಳು. ಎರಡಕ್ಕೊಂದು. ಉಳಿದ ನಿಮಿಷಗಳಲ್ಲಿ ಮತ್ತೆ ಗೋಲಾಗದೆ ಪಂದ್ಯ ಮುಗಿಯಿತು.

ಜನ ಕರಗುತ್ತಿದ್ದಾಗ ಕವಿತಾ ನನ್ನ ತೋಳು ಹಿಡಿದಳು. ಮುಖ ಬಿಳಿಚಿಕೊಂಡಿತ್ತು.

"ದೀದಿ, ಗಡ್‌ಬಡ್ ಆಗ್ಯಾದ. ವಿಡಿಯೊ ನೋಡುವಾಗ ಮ್ಯಾಚ್ ಘಡಿ ನಿಂತಿತ್ತಲ್ಲ, ಮೇರಾವಾಲಾ, ನನ್ನ ಕೈಯಾಗಿನದು, ಓಡತಾನ ಇತ್ತು. ನಾ ನಿಲ್ಲಿಸೇ ಇಲ್ಲ. ಅಕೀನ್ನ ಜಲ್ದಿ ಬಿಟ್ಟಬಿಟ್ಟೆ, ದೀದಿ."

"ಯಾರಿಗಾದ್ರೂ ಗೊತ್ತಾಗೇದೇನು?"

"ಇಲ್ಲ. ಕಿಸೀಕೋ ನಹೀಂ."

ನಿಜ. ದ್ವೀಪದವರು ಮಂಕಾಗಿ ಬೆಂಚಿನ ಮೇಲೆ ಕುಳಿತಿದ್ದರು. ಆಕ್ಷೇಪ ಸಲ್ಲಿಸಲು ಪಂದ್ಯದ ನಂತರ ಇರುವುದು ತುಸು ಹೊತ್ತು ಮಾತ್ರ. ಅದು ಕಳೆದರೆ ಫಲಿತಾಂಶ ಕಲ್ಲಿನ ಮೇಲೆ ಬರೆದಂತೆ. ಮಂಡಳಿಯಲ್ಲಿ ಸ್ಪರ್ಧೆಗಳ ಹೊಣೆ ಹೊತ್ತ ಪೀಟರ್‌ಗೆ ಫೋನು ಮಾಡಿದೆ. ಕೆಟ್ಟ ಮನುಷ್ಯನಲ್ಲ, ಟಿಕೆಟ್ಟು, ವೀಸಾ, ಟೀವಿಯವರು ಎಂದು ಸದಾ ಒದ್ದಾಡುತ್ತಿದ್ದವನು.

"ಯಾರಾದರೂ ಆಕ್ಷೇಪ ಎತ್ತಿದ್ದಾರಾ?" ಎಂದ.

"ಇಲ್ಲ."

"ಹಾಗಾದರೆ ನಿನ್ನ ಮುಂದೆ ಸಮಸ್ಯೆಯೇ ಇಲ್ಲ."

"ಅವರಿಗೆ ಗೊತ್ತಿಲ್ಲ, ಪೀಟರ್. ನನಗೆ ಗೊತ್ತಿದೆ."

"ವಿಶ್ವಕೂಟಕ್ಕೆ ನಿನ್ನನ್ನು ಹಾಕಬೇಕು ಎಂದುಕೊಂಡಿದ್ದೇನೆ. ಗಲಾಟೆಯಾದ ಟೂರ್ನಿಯವರನ್ನು ಸಮಿತಿ ಒಪ್ಪುವುದು ಕಷ್ಟ. ಯೋಚಿಸು."

ಯೋಚಿಸಲು ಹೊತ್ತಿರಲಿಲ್ಲ. ವಿಶ್ವಕೂಟದ ಆಸೆ ನನಗೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಿವೃತ್ತಿಗೆ ಮುಂಚೆ ಅದೊಂದು ಬಾಕಿ ಇತ್ತು. ಆದರೆ ಆ ಹೊತ್ತಿಗೆ ನನ್ನನ್ನು ತಡೆಯುತ್ತಿದ್ದದ್ದು ಕವಿತಾಳ ವಿಷಯ. ಹೇಳಿದರೆ ಅವಳ ಹೆಸರು ಲೋಕಕ್ಕೆಲ್ಲ ಗೊತ್ತಾಗುತ್ತದೆ.

"ಕವಿತಾ, ನಾ ಹೋಗಿ ಹೇಳ್ತೀನಿ. ನೀ ಇಲ್ಲೇ ಇರು," ಎಂದೆ.

"ಇಲ್ಲ ದೀದಿ, ಘಡಿ ನನ್ನ ಕೈಯಾಗಿತ್ತು. ನಾನೂ ಬರ್ತೀನಿ."

ಇಬ್ಬರೂ ದ್ವೀಪದವರ ಬೆಂಚಿಗೆ ಹೋದೆವು. ನಡೆದದ್ದನ್ನು ಕವಿತಾ ತನ್ನ ಬಾಯಿಂದಲೇ ಹೇಳಿದಳು, ಗಡಿಯಾರವನ್ನೂ ತೋರಿಸಿದಳು. ಅವರ ಮ್ಯಾನೇಜರ್ ಅಲ್ಲೇ ಕುಳಿತು ಆಕ್ಷೇಪ ಬರೆದುಕೊಟ್ಟರು. ಆಮೇಲೆ ಯುರೋಪಿನವರ ಕೋಣೆಗೆ ಹೋದೆ. ಅಲ್ಲಿ ಆಗಲೇ ಹಾಡು ಶುರುವಾಗಿತ್ತು. ಅವರ ತರಬೇತುದಾರ ಕೆಂಡವಾದ.

"ಅವರು ಕೇಳಿರಲಿಲ್ಲ. ನೀವಾಗಿಯೇ ಹೋಗಿ ಹೇಳಿದಿರಿ! ಇದು ಯಾವ ನ್ಯಾಯ?"

"ತಪ್ಪು ನಿಮ್ಮದಲ್ಲ, ಅವರದೂ ಅಲ್ಲ. ನಮ್ಮದು. ನಮ್ಮ ತಪ್ಪನ್ನು ನಾವೇ ಹೇಳಬೇಕಲ್ಲ," ಎಂದೆ.

ನನ್ನ ತೀರ್ಪು ಹೀಗಿತ್ತು: ಕ್ಲಾರಾ ಒಳಗೆ ಬಂದ ಗಳಿಗೆಗೆ ಪಂದ್ಯ ಹಿಂದಿರುಗುತ್ತದೆ. ಗೋಲು ಒಂದಕ್ಕೊಂದು. ಉಳಿದ ಐದು ನಿಮಿಷದ ಆಟ ಮರುದಿನ ಬೆಳಿಗ್ಗೆ. ಅದರ ಮೊದಲ ಭಾಗ, ಶಿಕ್ಷೆ ತೀರುವ ತನಕ, ಕ್ಲಾರಾ ಕುರ್ಚಿಯಲ್ಲೇ. ಯುರೋಪಿನವರು ಮೇಲ್ಮನವಿ ಹಾಕಿದರು. ಆಗ್ನೆಸ್ ಎಲ್ಲರ ಮಾತನ್ನೂ ಕೇಳಿ, ಗಡಿಯಾರವನ್ನು ತಿರುಗಿಸಿ ನೋಡಿ, ಹೇಳಿದ್ದು ಒಂದೇ ಮಾತು: "ಆಟ ಬಾಕಿ ಇದೆ. ಆಡಿ ಮುಗಿಸಿ."

ಬೆಳಿಗ್ಗೆ ಬಂದು ನೋಡಿದರೆ ಮೈದಾನ ಕಿಕ್ಕಿರಿದಿತ್ತು. ಐದು ನಿಮಿಷದ ಆಟಕ್ಕೆ ಅಷ್ಟು ಜನ! ಗಂಗಾಸ್ನಾನ ಮುಗಿಸಿ ಒದ್ದೆ ಪಂಚೆಯಲ್ಲೇ ಬಂದವರು, ಕಚೌಡಿ ಪೊಟ್ಟಣ ಹಿಡಿದವರು, ಕಂಟೋನ್ಮೆಂಟ್ ಹೋಟೆಲಿನಿಂದ ಆಟೋದಲ್ಲಿ ಬಂದಿಳಿದ ಬೇರೆ ತಂಡಗಳವರು. ಇಷ್ತಿಯಾಕ್ ಭಾಯಿ ಮನೆಮಂದಿಯನ್ನೆಲ್ಲ ಕರೆತಂದಿದ್ದ. ಮೇಜಿನಲ್ಲಿ ಕವಿತಾಳನ್ನೇ ಕೂರಿಸಿದೆ. "ಬ್ಯಾಡ ದೀದಿ, ಮತ್ತ ತಪ್ಪಾದ್ರ?" ಎಂದಳು. "ಆಗೂದಿಲ್ಲ. ಘಡಿ ನಿಲ್ಲಿಸೋದು, ಓಡಿಸೋದು ಎರಡ ಕೆಲಸ," ಎಂದೆ.

ಸೀಟಿ ಮೊಳಗಿತು. ಎದುರಾಳಿ ಒಬ್ಬರು ಕಡಿಮೆ ಇರುವಷ್ಟು ಹೊತ್ತು ದ್ವೀಪದವರು ಅಲೆಯಂತೆ ನುಗ್ಗಿದರು. ಲೆಯಾ ಹೊಡೆದ ಚೆಂಡು ಗೋಲುಗಂಬಕ್ಕೆ ಬಡಿದು ಟಣ್ ಎಂದ ಸದ್ದು ನನಗೆ ಇನ್ನೂ ಕೇಳಿಸುತ್ತದೆ. ಚೆಂಡು ಹೊರಗೆ ಹೋಯಿತು. ಕವಿತಾ ಪಂದ್ಯದ ಗಡಿಯಾರವನ್ನೊಮ್ಮೆ, ಕೈಯದನ್ನೊಮ್ಮೆ ನೋಡಿ, ಕ್ಲಾರಾಳ ಭುಜ ತಟ್ಟಿದಳು. ಆಕೆ ಒಳಗೆ ಹೋದಳು. ಕೊನೆಯ ನಿಮಿಷದಲ್ಲಿ ಕ್ಲಾರಾ ಎಡಬದಿಯಿಂದ ಒಬ್ಬಳೇ ಚೆಂಡು ತಳ್ಳಿಕೊಂಡು, ಇಬ್ಬರನ್ನು ದಾಟಿ, ಬಿದ್ದ ಗೋಲ್‌ಕೀಪರ್‌ಳ ಮೇಲಿಂದ ಚೆಂಡನ್ನು ಮೆಲ್ಲಗೆ ಎತ್ತಿ ಒಳಗೆ ಹಾಕಿದಳು. ಎದುರಾಳಿಯ ಗೋಲಾದರೂ ಗ್ಯಾಲರಿ ಚಪ್ಪಾಳೆ ತಟ್ಟಿತು. ಅಷ್ಟು ಚಂದದ ಗೋಲು.

ವಿಶ್ವಕೂಟದ ನೇಮಕ ನನಗೆ ಬರಲಿಲ್ಲ. ಅದನ್ನು ಮನೆಯಲ್ಲೇ ಕಾಲು ಚಾಚಿಕೊಂಡು ಟೀವಿಯಲ್ಲಿ ನೋಡಿದೆ. ಕವಿತಾಳಿಗೆ ಮಂಡಳಿ ಎಚ್ಚರಿಕೆ ಕೊಟ್ಟು ಮುಂದುವರಿಸಿತು, ಈಗ ಅವಳೇ ತಾಂತ್ರಿಕ ಪ್ರತಿನಿಧಿಯಾಗಿ ದೇಶ ಸುತ್ತುತ್ತಾಳೆ. ಶಿಕ್ಷೆಯ ಗಡಿಯಾರವನ್ನು ಪಂದ್ಯದ ಗಡಿಯಾರಕ್ಕೇ ಜೋಡಿಸಬೇಕೆಂದು ಆಗ್ನೆಸ್ ಬೆನ್ನುಹತ್ತಿ, ನಮ್ಮ ಟೂರ್ನಿಗಳಲ್ಲಿ ಅದನ್ನು ಮಾಡಿಸಿದರು. ನೀವು ಈಗ ಗುಂಡಿ ಒತ್ತಿ ನಿಶ್ಚಿಂತೆಯಿಂದ ಕೂರುವುದು ಆ ಕಾರಣಕ್ಕೆ.

ಆದರೆ ಆ ಬೆಳಗಿನ ಮಾತು ಮುಗಿದಿಲ್ಲ. ಕೊನೆಯ ಸೀಟಿಯಾದ ಮೇಲೆ ಲೆಯಾ ನೇರವಾಗಿ ಮೇಜಿಗೆ ಬಂದಳು. ನನ್ನನ್ನು ದಾಟಿ ಹೋಗಿ ಕವಿತಾಳ ಕೈ ಹಿಡಿದಳು.

"ನಿನ್ನೆ ನಿಮ್ಮ ಗಡಿಯಾರ ನಮ್ಮನ್ನು ಸೋಲಿಸಿತ್ತು. ಇವತ್ತು ನಾವೇ ಸೋತೆವು. ಊರಿಗೆ ಹೋಗಿ ಹೀಗೆಂದು ಹೇಳಬಹುದು," ಎಂದಳು.

ಅವಳ ಹಿಂದೆ ಇಡೀ ತಂಡ ಸಾಲಾಗಿ ನಿಂತು ಒಬ್ಬೊಬ್ಬರಾಗಿ ಕವಿತಾಳ ಕೈ ಕುಲುಕಿತು. ಅವಳು ಅಳುತ್ತಲೇ "ಥ್ಯಾಂಕ್ಯೂ, ಸಾರೀ, ಥ್ಯಾಂಕ್ಯೂ" ಎನ್ನುತ್ತಿದ್ದಳು. ಸಾಲಿನ ಕೊನೆಯಲ್ಲಿ ಬೆವರು ಸುರಿಸುತ್ತ ಕ್ಲಾರಾ ನಿಂತಿದ್ದಳು.

"ಒಂದು ಸಂದೇಹ ಇದೆ, ಮೇಡಂ," ಎಂದು ನನ್ನನ್ನು ಕೇಳಿದಳು. "ನಿನ್ನೆಯದು, ಇವತ್ತಿನದು ಎರಡೂ ಗೋಲು ನನ್ನ ಹೆಸರಿಗೆ ಸೇರುತ್ತವೆಯೇ?"

"ಒಂದೇ," ಎಂದೆ.

ಆಕೆ ತಲೆಯಾಡಿಸಿದಳು.

"ಇವತ್ತಿನದೇ ಇರಲಿ. ಅದೇ ಚೆನ್ನಾಗಿತ್ತು."